ಹೂರಣದ ರುಚಿ ಅತ್ತೆಗೆ ಬಿಟ್ಟೆ

ಆರ್‌ಪಿಸಿ ಲೇಔಟ್, ವಿಜಯನಗರ
೬ ಜುಲೈ ೨೦೨೫, ಭಾನುವಾರ

ಪ್ರೀತಿಯ ಅನು,

ಒಂದೇ ಫೋನಿನಲ್ಲಿ ಮುಗಿಯುವ ಮಾತಿಗೆ ಅಕ್ಕ ಕಾಗದ ಬರೆದಿದ್ದಾಳಲ್ಲ ಎಂದು ನಗಬೇಡ. ಫೋನಿನಲ್ಲಿ ನೀನು ನನಗೆ ಮಾತು ಮುಗಿಸಲು ಬಿಡುವುದಿಲ್ಲ. ಕಾಗದವನ್ನು ಕಟ್ ಮಾಡಲಾರೆಯಲ್ಲ! ಆಷಾಢ ಬಂದು ಒಬ್ಬಟ್ಟಿನ ಆರ್ಡರ್‌ಗಳೂ ಕಡಿಮೆಯಾಗಿವೆ. ನಿಧಾನವಾಗಿ ಬರೆಯುತ್ತೇನೆ, ನೀನೂ ಹಾಸನದಲ್ಲಿ ಕೂತು ನಿಧಾನವಾಗಿ ಓದು.

ಯುಗಾದಿ ಕಳೆದ ಮೇಲೆ ನನಗೆ ಶುಗರ್ ಬರುವ ಹಂತದಲ್ಲಿದೆ ಎಂದು ಗೊತ್ತಾದಾಗ ಮೊದಲು ಹೇಳಿದ್ದು ನಿನಗೇ. ಡಾಕ್ಟರ್ ಉಮಾಶ್ರೀ ಹೇಳಿದ್ದನ್ನು ಮಾತ್ರ ನೀನು ಪೂರ್ತಿ ಕೇಳಿಸಿಕೊಳ್ಳಲಿಲ್ಲ. "ಇದಿನ್ನೂ ಡಯಾಬಿಟಿಸ್ ಅಲ್ಲ ಶಶಿಕಲಾ. ಬಸುರಿಯಾಗಿದ್ದಾಗ ನಿಮಗೆ ಶುಗರ್ ಬಂದಿತ್ತು, ಹಾಗಾಗಿ ಈಗ್ಲೇ ಮಾತ್ರೆ ಶುರು ಮಾಡ್ಬೋದು. ಇಲ್ಲಾಂದ್ರೆ ಮೂರು ತಿಂಗಳು ಊಟ, ಓಡಾಟ ಸರಿ ಮಾಡ್ಕೊಂಡು ಬನ್ನಿ, ಮತ್ತೆ ಟೆಸ್ಟ್ ಮಾಡೋಣ. ಯೋಚ್ನೆ ಮಾಡಿ ಹೇಳಿ" ಎಂದರು. ನಾನು ಎರಡನೆಯದನ್ನು ಆರಿಸಿಕೊಂಡೆ. ನೀನು "ಅಮ್ಮನ ಹಂಗೇ ಹಠ ಕಣೇ ನಿಂದು, ಏನಾದ್ರೂ ಮಾಡ್ಕೋ" ಎಂದು ಫೋನ್ ಇಟ್ಟವಳು, ಈವರೆಗೆ ಮತ್ತೆ ಮಾಡಿಲ್ಲ.

ನಿನ್ನ ಮೇಲೆ ಕೋಪವಿಲ್ಲ. ಅಮ್ಮ ಮಾತ್ರೆ ಮುಟ್ಟದೆ ವರ್ಷಗಟ್ಟಲೆ ಹಾಗಲಕಾಯಿ ರಸ ಕುಡಿದಳು. ಕೊನೆಗೆ ನಮ್ಮ ಮುಖವನ್ನು ಕೈಯಿಂದ ತಡವಿ ಇವಳು ಶಶಿ, ಇವಳು ಅನು ಎನ್ನುತ್ತಿದ್ದಳು. ನಾನೂ ಅದನ್ನು ಮರೆತಿಲ್ಲ. ಆದರೆ ಅಮ್ಮನಿಗೆ ಕಾಯಿಲೆ ಬಂದಾಗಿತ್ತು, ಅವಳು ಪರೀಕ್ಷೆಗೇ ಹೋಗುತ್ತಿರಲಿಲ್ಲ. ನನಗಿನ್ನೂ ಬಂದಿಲ್ಲ, ನಾನು ಪರೀಕ್ಷೆ ತಪ್ಪಿಸುವವಳೂ ಅಲ್ಲ. ಇಳಿಯದಿದ್ದರೆ ಮರುಮಾತಿಲ್ಲದೆ ಮಾತ್ರೆ ನುಂಗುತ್ತೇನೆಂದು ಡಾಕ್ಟರಿಗೆ ಅವತ್ತೇ ಹೇಳಿ ಬಂದಿದ್ದೆ.

ಅನ್ನ ಕಡಿಮೆ ಮಾಡಿ ತಟ್ಟೆಯಲ್ಲಿ ಪಲ್ಯ, ಕೋಸಂಬರಿ ಹೆಚ್ಚಿಸಿದೆ. ಊಟವಾದ ಮೇಲೆ ಪಾರ್ಕ್ ಸುತ್ತಲು ಶುರುಮಾಡಿದೆ. ಸಕ್ಕರೆಯಿಲ್ಲದ ಕಾಫಿ ಮೊದಲು ಕಷಾಯದಂತಿತ್ತು, ಈಗ ಅದೇ ಇಷ್ಟ. ಕಷ್ಟವಾದದ್ದು ಇವು ಯಾವುವೂ ಅಲ್ಲ, ಹೂರಣ. ಒಲೆಯ ಮೇಲಿರುವಾಗ ಒಂದು ಚಮಚ, ಇಳಿಸಿದ ಮೇಲೆ ಒಂದು, ರುಬ್ಬಿದಾಗ ಇನ್ನೊಂದು, ಹೀಗೆ ಬೆಳಗಿನಿಂದ ಸಂಜೆವರೆಗೆ ಬೆಲ್ಲವನ್ನೇ ತಿನ್ನುತ್ತಿದ್ದೆ. ಅದನ್ನು ನಾನು ತಿಂಡಿ ಎಂದು ಯಾವತ್ತೂ ಎಣಿಸಿರಲಿಲ್ಲ, ಕೆಲಸ ಎಂದುಕೊಂಡಿದ್ದೆ. ಆದರೆ ರುಚಿ ನೋಡದೆ ಮಾರುವುದು ಹೇಗೆ?

ಅತ್ತೆಗೆ ಹೇಳಿದೆ. ಹೌದು, ರಾಮಮ್ಮನವರಿಗೇ! ನಾನು ಮಾಡಿದ್ದನ್ನೆಲ್ಲ ಮದುವೆಯಾದಾಗಿನಿಂದ "ಏನೋ ಒಂಥರಾ ಐತೆ" ಎನ್ನುತ್ತಲೇ ಬಂದ ನಾಲಿಗೆ ಅದು. ಅವರಿಗೂ ಮೊದಲು ರಕ್ತಪರೀಕ್ಷೆ ಮಾಡಿಸಿದೆ, ಶುಗರ್‌ನ ಸುಳಿವೂ ಇಲ್ಲ. ಒಂದು ಕಾಳಿನಷ್ಟು ನಾಲಿಗೆಗಿಟ್ಟು ಹೇಳಿದರೆ ಸಾಕು ಎಂದು ಒಪ್ಪಿಸಿದೆ.

ಮೇ ತಿಂಗಳಲ್ಲಿ ಮಲ್ಲತ್ತಹಳ್ಳಿಯ ಪದ್ಮನಾಭ ಎಂಬುವವರ ಗೃಹಪ್ರವೇಶಕ್ಕೆ ದೊಡ್ಡ ಆರ್ಡರ್ ಬಂತು. ಹಿಂದಿನ ದಿನ ಮಧ್ಯಾಹ್ನ ದೊಡ್ಡ ಪಾತ್ರೆ ತುಂಬ ಹೂರಣ ಸಿದ್ಧವಾಗಿತ್ತು. ಅತ್ತೆ ನಾಲಿಗೆಗಿಟ್ಟು ಮುಖ ಕಿವುಚಿದರು. "ಬೆಲ್ಲ ಉಪ್ಪು ಹೊಡೀತೈತೆ ಕಣೇ ಶಶಿ. ಇದು ಆಗಲ್ಲ" ಎಂದರು. ಹೊಸ ಅಂಗಡಿಯ ಬೆಲ್ಲ, ನೋಡಲು ಬಂಗಾರದಂತಿತ್ತು. ಇದು ಅವರ ಹಳೆಯ ಚಾಳಿಯೋ, ನಿಜವೋ? ಚಮಚ ತುಟಿಯವರೆಗೆ ಬಂತು. ಒಂದೇ ಚಮಚಕ್ಕೆ ಏನೂ ಆಗುವುದಿಲ್ಲ, ನನಗೂ ಗೊತ್ತು. ಆದರೆ ಅವರನ್ನು ಅವತ್ತು ನಂಬದಿದ್ದರೆ ಮುಂದೆ ಪ್ರತಿ ಪಾತ್ರೆಗೂ ಚಮಚ ಎತ್ತುತ್ತೇನೆ ಅನ್ನಿಸಿತು. ಕೆಳಗಿಟ್ಟೆ. "ಹಾಗಾದ್ರೆ ಹೊಸದಾಗಿ ಬೇಳೆ ಬೇಯಿಸೋಣ ಅತ್ತೆ" ಎಂದೆ. ಅವರು ಒಂದು ಗಳಿಗೆ ನನ್ನನ್ನೇ ನೋಡಿ, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಬೇಳೆ ತೊಳೆಯಲು ಕೂತರು.

ನಿಮ್ಮ ಭಾವ ನಮ್ಮ ಹಳೇ ಅಂಗಡಿಯಿಂದ ಬೇರೆ ಬೆಲ್ಲ ತಂದರು. ಬದಿಗಿಟ್ಟ ಹೂರಣವನ್ನು ಬಾಯಿಗೆ ಹಾಕಿಕೊಂಡು, "ಥೂ, ಇದನ್ನ ಕೊಟ್ಟಿದ್ರೆ ನಮ್ಮ ಹೆಸರು ಕೆಟ್ಟೋಗ್ತಿತ್ತು" ಎಂದರು. ಪದ್ಮನಾಭರ ಮನೆಯವರು ಮಾರನೆಯ ದಿನ ಫೋನ್ ಮಾಡಿ ಹೊಗಳಿದಾಗ, ಹೊಗಳಿಕೆ ನಮ್ಮತ್ತೆಗೆ ಸೇರಬೇಕು ಎಂದೆ. ಆವತ್ತಿನಿಂದ ನಮ್ಮ ಅಡುಗೆಮನೆಯಲ್ಲಿ ಇಬ್ಬರು ಯಜಮಾನಿಯರು. ಜಗಳ ಇಲ್ಲವೆಂದಲ್ಲ, ಆದರೆ ಈಗ ಅದು ಏಲಕ್ಕಿ ಎಷ್ಟು ಹಾಕಬೇಕು ಎಂಬುದಕ್ಕೆ.

ಮೊನ್ನೆ ಗುರುವಾರ ಮರುಪರೀಕ್ಷೆಯ ವರದಿ ಬಂತು. ಪೂರ್ತಿ ಸರಿಹೋಗಿಲ್ಲ, ಆದರೆ ಚೆನ್ನಾಗಿಯೇ ಇಳಿದಿದೆ. ಸದ್ಯಕ್ಕೆ ಮಾತ್ರೆ ಬೇಡ, ಹೀಗೇ ಮುಂದುವರಿಸಿ, ಸಂಕ್ರಾಂತಿ ಹೊತ್ತಿಗೆ ಮತ್ತೆ ನೋಡೋಣ ಎಂದರು ಡಾಕ್ಟರ್. ಆಗ ಏರಿದ್ದರೆ ಮಾತ್ರೆ ತೆಗೆದುಕೊಳ್ಳುತ್ತೇನೆ, ನಡಿಗೆಯನ್ನೂ ಬಿಡುವುದಿಲ್ಲ. ಮಾತ್ರೆ ತಿಂದರೆ ಸೋತಂತೆ ಎಂದು ನಾನೇನೂ ಅಂದುಕೊಂಡಿಲ್ಲ.

ನೀನೂ ಅದೇ ಅಮ್ಮನ ಮಗಳು ಅನು. ಈ ವಾರವೇ ಪರೀಕ್ಷೆ ಮಾಡಿಸು. ಬೈಯುವುದಿದ್ದರೆ ಬೈ, ಆದರೆ ಫೋನ್ ಮಾಡಿ ಬೈ.

ಎಂದೆಂದೂ ನಿನ್ನ ಅಕ್ಕ,
ಶಶಿಕಲಾ

ತಾ.ಕ.: ಇಷ್ಟೆಲ್ಲ ಧೈರ್ಯವಾಗಿ ಬರೆದೆ. ನಿನ್ನ ಹತ್ತಿರ ಮುಚ್ಚಿಡುವುದೇಕೆ? ವರದಿ ತರಲು ಹೋದಾಗ ಲ್ಯಾಬಿನ ಮೆಟ್ಟಿಲು ಹತ್ತಲು ನನ್ನಿಂದಾಗಲಿಲ್ಲ, ಅಮ್ಮನ ಕೈ ಮುಖದ ಮೇಲೆ ಓಡಾಡಿದಂತಾಯಿತು. ರಸ್ತೆಯಲ್ಲೇ ನಿಂತುಬಿಟ್ಟೆ. ಜೊತೆಗೆ ಬಂದಿದ್ದ, ಓದಲು ಬಾರದ ಅತ್ತೆಯೇ ಒಳಗೆ ಹೋಗಿ, ಹೋದ ಸಲಕ್ಕಿಂತ ಹೆಚ್ಚೋ ಕಡಿಮೆಯೋ ಎಂದು ಅಲ್ಲಿದ್ದ ಹುಡುಗಿಯನ್ನು ಕೇಳಿಕೊಂಡು ಬಂದರು. ಮೆಟ್ಟಿಲ ಮೇಲಿನಿಂದಲೇ ಇಡೀ ಬೀದಿಗೆ ಕೇಳುವಂತೆ ಕೂಗಿದರು: "ಇಳ್ದೈತೆ ಕಣೇ ಮಗಳೇ!" ಅವರ ಬಾಯಲ್ಲಿ ಮಗಳೇ ಎಂಬ ಮಾತು ಕೇಳಿದ್ದು ಅದೇ ಮೊದಲು.