ಮುಖ ಎಸೆಯುವುದು ಎಂದರೆ

ಸೆಪ್ಟೆಂಬರ್ 9, ಮಧ್ಯಾಹ್ನ

ಊಟ ಮುಗಿದು ಮಕ್ಕಳು ಡೆಸ್ಕಿನ ಮೇಲೆ ತಲೆಯಿಟ್ಟು ಮಲಗಿದ್ದಾರೆ. ಏಳುವುದರೊಳಗೆ, ದಿನವೂ ಮನೆಗೂ ಶಾಲೆಗೂ ಓಡಾಡುವ ಸಂಪರ್ಕ ಪುಸ್ತಕಗಳ ರಾಶಿ ಕರಗಬೇಕು. ಹೋಂವರ್ಕ್, ಮನೆಯವರ ಸಹಿ, ಕೆಳಗೆ ‘ಇಂದಿನ ಮಾತು’ ಎಂದು ನಾಲ್ಕು ಗೆರೆ. ಇಷ್ಟು ವರ್ಷ ಆ ಗೆರೆಗಳಲ್ಲಿ ಓದಿದ್ದೇನು? ಇವತ್ತು ಬಿಸಿಲು. ಇವತ್ತು ಮಳೆ. ಇವತ್ತು ಊಟಕ್ಕೆ ಕೋಳಿ ಕಾಲು.

ಸಾಕಾಯಿತು. ಟ್ರೇನಿಂಗ್‌ನಲ್ಲಿ ಕಲಿತದ್ದನ್ನು ಇವತ್ತು ಶುರು ಮಾಡಿಯೇ ಬಿಟ್ಟೆ. ಬೋರ್ಡಿನ ಮೇಲೆ ಬರೆದೆ — ನಾನು ಯಾರು? ದಿನಕ್ಕಿಷ್ಟು ಬರೆಯಿರಿ, ನಿಜ ಬರೆಯಿರಿ, ಬೈಯುವುದಿಲ್ಲ. ಪಕ್ಕದ ಕ್ಲಾಸಿನ ಟೀಚರ್ ಚುವಾಂಗ್ ಇಣುಕಿ ನಕ್ಕರು.

“ಆರನೇ ಕ್ಲಾಸಿನವು ನಿಜ ಹೇಳೋಕೆ ನಿಂತ್ರೆ ನಿಮಗೆ ಅನ್ನ ಸೇರಲ್ಲ, ನೋಡ್ತಿರಿ.”

ಹೊಟ್ಟೆಕಿಚ್ಚು. ಅವರ ಕ್ಲಾಸಿನಲ್ಲಿ ಇನ್ನೂ ಬಿಸಿಲು-ಮಳೆಯೇ.

ಮೊದಲ ಉತ್ತರ ಹಿಂದಿನ ಸಾಲಿನಿಂದ: ‘ನಾನು ಹಸಿದವನು.’ ನಿಜವೇ. ಕೆಂಪು ಪೆನ್ನಿನಲ್ಲಿ ‘ಚೆನ್ನಾಗಿ ಬರೆದಿದ್ದೀಯ’ ಎಂದು ಹಾಕಿದೆ.

ಸೆಪ್ಟೆಂಬರ್ 16, ಸಂಜೆ

ಸಂಜೆ ಕ್ಲಾಸ್. ಹೊರದೇಶದಿಂದ ಇಲ್ಲಿಗೆ ಮದುವೆಯಾಗಿ ಬಂದ ಹೆಂಗಸರಿಗೆ ಅಕ್ಷರ ಹೇಳಿಕೊಡುವುದು. ಚೀನೀ ಲಿಪಿಯಲ್ಲಿ ಒಂದೊಂದು ಮಾತಿಗೂ ಒಂದೊಂದು ಅಕ್ಷರ. ಎಲ್ಲರಿಗಿಂತ ಮೊದಲು ಬರುವವಳು ಥ್ವಾ. ವಿಯೆಟ್ನಾಮಿನವಳು, ನನ್ನ ಕ್ಲಾಸಿನ ಪೇಶಾನಳ ತಾಯಿ. ಬಂದರಿನ ಶೆಡ್ಡಿನಲ್ಲಿ ಮೀನಿನ ಉಂಡೆ ಕಟ್ಟುವ ಕೆಲಸ, ಅಲ್ಲಿಂದ ರಬ್ಬರ್ ಬೂಟಿನಲ್ಲೇ ಬರುತ್ತಾಳೆ. ಗಂಡ ಟ್ಯೂನಾ ಮೀನು ಹಿಡಿಯುವ ಹಡಗಿನಲ್ಲಿ. ವರ್ಷಕ್ಕೊಮ್ಮೆ ಬಂದರೆ ಬಂದ.

ಇವತ್ತು ಕಸದ ಗಾಡಿಯ ಪಾಠ. ‘ಎಸೆ’ ಎಂಬ ಅಕ್ಷರವನ್ನು ಪುಟ ತುಂಬ ಬರೆದಳು.

“ಯಾಕಿಷ್ಟು ಅವಸರ ಥ್ವಾ? ಪರೀಕ್ಷೆ ಗಿರೀಕ್ಷೆ ಏನೂ ಇಲ್ಲ.”

“ಮಗಳ ಪುಸ್ತಕಕ್ಕೆ ದಿನಾ ಸಹಿ ಹಾಕ್ತೀನಿ ಟೀಚರ್. ಏನಕ್ಕೆ ಹಾಕ್ತೀನಿ, ಗೊತ್ತಾಗ್ಬೇಕಲ್ಲ.”

ಇಬ್ಬರೂ ನಕ್ಕೆವು.

ಸೆಪ್ಟೆಂಬರ್ 25

ಪೇಶಾನ್ ಎರಡು ವಾರ ಖಾಲಿ ಬಿಟ್ಟಿದ್ದ ಗೆರೆಗಳು ಇವತ್ತು ತುಂಬಿವೆ. ‘ಅಮ್ಮ ದಿನವೂ ಗೇಟಿಗೆ ಬರುತ್ತಾಳೆ. ಕೋನ್ ಓಯ್ ಎಂದು ಕೂಗುತ್ತಾಳೆ. ನನಗೆ ತುಂಬಾ ಮುಖ ಎಸೆದಂತಾಗುತ್ತದೆ. ನಾನು ಅಂಥವಳು.’

ಮುಖ ಎಸೆಯುವುದು... ನಮ್ಮ ಮಾತಿನಲ್ಲಿ ಮಾನ ಹೋಗುವುದು. ಹಾಗೆನ್ನಲು ಬೇರೆ ಮಾತುಗಳೂ ಬೇಕಾದಷ್ಟಿವೆ. ಹುಡುಗಿ ಇದನ್ನೇ ಆರಿಸಿದಳು. ಕೋನ್ ಓಯ್ ಅಂದರೆ ಅವರ ಭಾಷೆಯಲ್ಲಿ ‘ಮಗೂ’ ಅಷ್ಟೇ. ಕ್ಲಾಸಿನ ಹುಡುಗರು ಅದನ್ನೇ ಕೂಗಿ ಅವಳನ್ನು ಗೋಳುಹುಯ್ದುಕೊಳ್ಳುವುದನ್ನು ನಾನೇ ಕೇಳಿದ್ದೇನೆ.

ಕರೆದು ಕೇಳಿದೆ. ಇದು ಮನೆಗೆ ಹೋಗುವ ಪುಸ್ತಕವಲ್ಲವೇನೇ?

“ಅಮ್ಮಂಗೆ ಓದಕ್ಕೆ ಬರಲ್ಲ ಟೀಚರ್. ಅದಕ್ಕೇ ಬರೆದೆ.”

ಅವಳ ಅಮ್ಮನಿಗೆ ಓದು ಕಲಿಸುತ್ತಿರುವವಳು ನಾನು. ಆಗ ಅದು ಹೊಳೆಯಲೇ ಇಲ್ಲ. ಒಂದು ಮಗುವಾದರೂ ನಿಜ ಬರೆಯಿತಲ್ಲ ಎಂಬ ಹಿಗ್ಗು. ಕೆಂಪಿನಲ್ಲಿ ಬರೆದೆ — ‘ಚೆನ್ನಾಗಿ ಬರೆದಿದ್ದೀಯ. ಇನ್ನೂ ಬರೆ.’

ಅಕ್ಟೋಬರ್ 2, ಸಂಜೆ



ಕ್ಲಾಸ್ ಬಿಟ್ಟ ಮೇಲೆ ಥ್ವಾ ಉಳಿದಳು. ಚೀಲದಿಂದ ಮಗಳ ಸಂಪರ್ಕ ಪುಸ್ತಕ ತೆಗೆದಳು. ಆ ಪುಟ. ಬೆರಳಿಟ್ಟು ಒಂದೊಂದೇ ಅಕ್ಷರ ಓದಿದಳು. ಅಮ್ಮ. ದಿನವೂ. ಗೇಟಿಗೆ. ಬರುತ್ತಾಳೆ. ಓದಿ ಓದಿ ಮುಖ ಅರಳುತ್ತಿತ್ತು. “ನನ್ನ ಬಗ್ಗೆ ಬರೆದಿದಾಳೆ ಟೀಚರ್!” ಆಮೇಲೆ ಬೆರಳು ನಿಂತಿತು.

“ಇದು ಕಸ ಎಸೆಯೋ ‘ಎಸೆ’. ಇದು ಮುಖ ತೊಳೆಯೋ ‘ಮುಖ’. ಎರಡೂ ಬರುತ್ತೆ ನಂಗೆ. ಎರಡೂ ಸೇರಿದ್ರೆ ಏನು?”

ಡಸ್ಟರ್ ಎತ್ತಿಕೊಂಡು ಬೋರ್ಡಿನ ಕಡೆ ತಿರುಗಿದೆ.

“ಫೋನ್ ಕೇಳಿದ್ರೆ ಹೇಳುತ್ತೆ. ಬೇಡ. ನೀವು ಕಲಿಸಿದ್ದು, ನೀವೇ ಹೇಳಿ.”

ಹೇಳಿದೆ. “ನಾಚಿಕೊಳ್ಳೋದು ಅಂತ. ಹುಡುಗೀರು ನಾಚ್ಕೋತಾರಲ್ಲ... ಅದು.”

ಬಾಯಿಗೆ ಕೈ ಅಡ್ಡ ಇಟ್ಟು ನಕ್ಕಳು. “ನಮ್ಮಮ್ಮ ದೋಣಿ ತಗೊಂಡು ಸ್ಕೂಲಿಗೆ ಬಂದ್ರೆ ನಾನೂ ಹಿಂಗೇ! ಮರದ ಹಿಂದೆ ಹೋಗ್ತಿದ್ದೆ.” ಆಮೇಲೆ ಕೆಂಪು ಅಕ್ಷರದ ಮೇಲೆ ಬೆರಳಿಟ್ಟಳು. “ಇದು ಪೂರ್ತಿ ಓದಕ್ಕೆ ಬರುತ್ತೆ. ಚೆನ್ನಾಗಿ ಬರೆದಿದ್ದೀಯ. ನನ್ನ ಪುಸ್ತಕದಲ್ಲೂ ಹಾಕ್ತೀರಲ್ಲ.”

ಸ್ಕೂಟರ್ ಹತ್ತುವಾಗಲೂ ನಗುತ್ತಿದ್ದಳು.

ಅಕ್ಟೋಬರ್ 3

ಹೋಗಿ ನಿಜ ಹೇಳಿಬಿಡಬೇಕು. ಶೆಡ್ಡಿಗೆ ಹತ್ತೇ ನಿಮಿಷದ ದಾರಿ. ಹೋಗಲಿಲ್ಲ. ಹೇಗೆ ಹೇಳುವುದು — ಥ್ವಾ, ನಿನ್ನ ಮಗಳು ನಿನ್ನಿಂದ ತಲೆ ತಗ್ಗಿಸಿದ್ದಾಳೆ, ಅದನ್ನು ಬರೆದದ್ದಕ್ಕೆ ನಾನು ಶಹಬ್ಬಾಸ್ ಎಂದೆ?

ಅಕ್ಟೋಬರ್ 9, ಸಂಜೆ

ಥ್ವಾ ಬಂದಿಲ್ಲ. ಶೆಡ್ಡಿನಲ್ಲಿ ಅವಳ ಜೊತೆಗೆ ಕೆಲಸ ಮಾಡುವ ಯೆನ್ ಬಂದಿದ್ದಳು. ಕೇಳಬಾರದಿತ್ತು, ಕೇಳಿದೆ.

ಊಟದ ಹೊತ್ತಿನಲ್ಲಿ ಥ್ವಾ ಎಲ್ಲರ ಮುಂದೆ ಹೇಳಿಕೊಂಡಳಂತೆ: “ನನ್ನ ಮಗಳು ಪುಸ್ತಕದಲ್ಲಿ ಬರೆದಿದಾಳೆ. ನಾನು ಹೋದ್ರೆ ಮುಖ ಎಸೀತಾಳಂತೆ, ಅಷ್ಟು ನಾಚಿಕೆ! ಟೀಚರ್ ಚೆನ್ನಾಗಿದೆ ಅಂದ್ರು.”

ಇಡೀ ಶೆಡ್ಡು ಬಿದ್ದು ಬಿದ್ದು ನಕ್ಕಿತಂತೆ. ಮೇಸ್ತ್ರಿ ಹೆಂಗಸು ಕಣ್ಣೊರೆಸಿಕೊಂಡು, “ಅಯ್ಯೋ ಹುಚ್ಚಿ, ನೀನು ಅವಳ ಮಾನ ಕಳೀತೀಯ ಅಂತ ಕಣೇ” ಎಂದಳಂತೆ.

“ಆಮೇಲೆ?”

“ಥ್ವಾನೂ ನಕ್ಕಳು ಟೀಚರ್. ಎಲ್ಲರ ಜೊತೆ. ಆಮೇಲೆ ಹೋಗಿ ಉಂಡೆ ಕಟ್ಟಿದಳು.”

ಅಕ್ಟೋಬರ್ 21

ಥ್ವಾಳ ಸಹಿಯ ಜಾಗದಲ್ಲಿ ಈಗ ಮನೆಯಲ್ಲಿರುವ ಅಜ್ಜಿಯ ಹೆಸರಿನ ಮುದ್ರೆ. ಪೇಶಾನ್ ನಾಲ್ಕು ಗೆರೆಯಲ್ಲಿ ಹವಾಮಾನ ಬರೆಯುತ್ತಾಳೆ. ಗೇಟಿನಲ್ಲಿ ಯಾರೂ ಇಲ್ಲ, ಒಬ್ಬಳೇ ನಡೆದು ಹೋಗುತ್ತಾಳೆ. ಬೇಕೆಂದದ್ದು ಸಿಕ್ಕಿದೆಯಲ್ಲ. ಮುಖ ನೋಡಿದರೆ ಜ್ವರ ಬಂದವಳಂತೆ.

ಇವತ್ತು ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತಳು.

“ಅಮ್ಮ ಈಗ ಕೋನ್ ಓಯ್ ಅನ್ನಲ್ಲ. ಪೂರ್ತಿ ಹೆಸರು ಹಿಡಿದು ಕರೀತಾಳೆ. ಬ್ಯಾಂಕಲ್ಲಿ ಕರೆದ ಹಾಗೆ.”

“ಪೇಶಾನ್...”

“ನಿಜ ಬರೀರಿ ಅಂದ್ರಿ. ಬರೆದೆ. ಅವಳಿಗೆ ಓದಕ್ಕೆ ಕಲಿಸ್ತಿದೀರ ಅಂತ ಯಾಕೆ ಹೇಳ್ಲಿಲ್ಲ?”

ಅಮ್ಮ ಸಂಜೆ ಓವರ್‌ಟೈಮ್‌ಗೆ ಹೋಗುತ್ತಾಳೆ ಎಂದೇ ಅವಳು ತಿಳಿದಿದ್ದಳಂತೆ. ಪೂರ್ತಿ ಕಲಿತ ಮೇಲೆ ಮಗಳಿಗೆ ಓದಿ ತೋರಿಸಬೇಕೆಂದು ಥ್ವಾ ಮುಚ್ಚಿಟ್ಟಿದ್ದಳು.

ಅತ್ತುಬಿಟ್ಟೆ, ಮಗುವಿನ ಮುಂದೆಯೇ. ಅವಳು ಅಳಲಿಲ್ಲ.

ಅಕ್ಟೋಬರ್ 24

ಶೆಡ್ಡಿಗೆ ಹೋದೆ. ಥ್ವಾ ಕೈಗವಸು ಕಳಚಿ ಹೊರಗೆ ಬಂದಳು, ಕೂರಲು ಕ್ರೇಟು ಬೋರಲು ಹಾಕಿ ಕೊಟ್ಟಳು. ಕ್ಷಮಿಸು ಎಂದೆ. ಚಿಕ್ಕ ಹುಡುಗಿ, ತಿಳಿಯದೆ ಬರೆದಿದ್ದಾಳೆ ಎಂದೆ.

“ತಿಳಿದೇ ಬರೆದಿದಾಳೆ. ಅವಳಿಗೆ ಹನ್ನೆರಡು. ಅವಳು ಹಂಗೇ ಬರೀಬೇಕು. ನಂಗೆ ಅವಳ ಮೇಲೆ ಸಿಟ್ಟಿಲ್ಲ.”

ಕ್ರೇಟಿನಿಂದ ಎದ್ದು ನಿಂತೆ.

“ನೀವು ಯಾಕೆ ಟೀಚರ್? ಅರ್ಥ ಕೇಳಿದೆ. ನಿಜ ಹೇಳಿದ್ರೆ ಅತ್ತು ಮನೇಲಿ ಇರ್ತಿದ್ದೆ. ಶೆಡ್ಡಲ್ಲಿ ಹೇಳ್ತಿರಲಿಲ್ಲ.” ಕೈಗವಸು ಮತ್ತೆ ಹಾಕಿಕೊಂಡಳು. “ಇಷ್ಟು ದಿನ ಕಲಿಸಿದ ಅಕ್ಷರ ಎಲ್ಲಾ ನಿಜವೋ ಸುಳ್ಳೋ, ನಂಗೆ ಈಗ ಹೆಂಗೆ ಗೊತ್ತಾಗ್ಬೇಕು?”

 

ನವೆಂಬರ್ 6

‘ನಾನು ಯಾರು’ ನಿಲ್ಲಿಸಿದ್ದೇನೆ. ಚುವಾಂಗ್ ಗೇಲಿ ಮಾಡಲಿಲ್ಲ. ಚಹಾ ತಂದಿಟ್ಟು ಹೋದರು.

ಮಧ್ಯಾಹ್ನ ಪೇಶಾನ್ ಬಂದಳು. “ಅಮ್ಮಂಗೆ ಯಾವ ಪಾಠದ ತನಕ ಆಗಿದೆ? ಪುಸ್ತಕ ಕೊಡಿ.” ಕೊಟ್ಟೆ. ನಿದ್ದೆಯ ಹೊತ್ತೆಲ್ಲ ಎದ್ದೇ ಇದ್ದಳು. ಒಂದೊಂದು ಅಕ್ಷರವೂ ಪಾಠದಲ್ಲಿದೆಯೇ ಎಂದು ನೋಡಿ ನೋಡಿ, ನಾಲ್ಕು ಗೆರೆಯಲ್ಲಿ ಒಂದೇ ಸಾಲು ಬರೆದಳು. ‘ಅಮ್ಮ, ನಾಳೆ ಗೇಟಿಗೆ ಬಾ.’

ನಾನು ಕೆಂಪು ಪೆನ್ನು ಮುಟ್ಟಲಿಲ್ಲ.

ನವೆಂಬರ್ 7, ಸಂಜೆ

ಬೆಳಿಗ್ಗೆ ಪುಸ್ತಕ ಬಂತು. ಅಜ್ಜಿಯ ಮುದ್ರೆಯೂ ಇಲ್ಲ, ಸಹಿಯೂ ಇಲ್ಲ. ಥ್ವಾ ಓದಿದಳೋ ಇಲ್ಲವೋ, ಪೇಶಾನಳಿಗೂ ಗೊತ್ತಿಲ್ಲ. ಊಟದ ಮೇಜಿನ ಮೇಲೆ ತೆರೆದಿಟ್ಟಿದ್ದಳಂತೆ.

ಶಾಲೆ ಬಿಟ್ಟಿತು. ಎಲ್ಲರನ್ನೂ ಕರೆದೊಯ್ಯುವವರು ಬಂದರು, ಸ್ಕೂಟರುಗಳು ಹೋದವು. ಇವಳೊಬ್ಬಳೇ ಗೇಟಿನ ಹೊರಗೆ, ಬಂದರಿನ ರಸ್ತೆಯ ಕಡೆ ಮುಖ ಮಾಡಿಕೊಂಡು. ತಡೆಯಲಾರದೆ ಇಳಿದು ಹೋಗಿ ಪಕ್ಕದಲ್ಲಿ ನಿಂತೆ. 

“ಟೀಚರ್.”

“ಏನಮ್ಮ?”

“ನೀವು ಒಳಗೆ ಹೋಗಿ. ನಿಮ್ಮನ್ನ ನೋಡಿದ್ರೆ ಅಮ್ಮ ಬರಲ್ಲ.”

ಸರಿ ಎಂದೆ. ಹಿಂದಿನ ಗೇಟಿನಿಂದ ಮನೆಗೆ ಬಂದೆ. ಅಲ್ಲಿ ಇನ್ನೂ ನಿಂತಿದ್ದಾಳೋ, ಇಲ್ಲ ಅವಳಮ್ಮ ಬಂದು ‘ಕೋನ್ ಓಯ್’ ಎಂದಳೋ.