ಹತ್ತೊಂಬತ್ತನೆಯ ತಾರೀಖಿನ ಹಾಳೆ

ಮಾರ್ಚ್ ೨, ಸೋಮವಾರ

ಪ್ರೆಸ್ಸಿನಲ್ಲಿ ರಶೀದಿ ಪುಸ್ತಕದ ಪ್ರೂಫ್ ನೋಡಿ ಮುಗಿಸಿದೆ. ಬೈಂಡರ್ ಮತ್ತೆ ನಾನು ಜೋಡಿಸುವ ಅಚ್ಚಕ್ಷರದ ಮೊಳೆಗಳಿಗೆ ಕೈ ಹಾಕಿದ್ದಾನೆ. ‘ಗ’ ಇರಬೇಕಾದ ಮನೆಯಲ್ಲಿ ‘ಕ’ಗಳು ಕಾಲು ಚಾಚಿ ಮಲಗಿವೆ. ಬೈದೆ. “ನಿಮಗೆ ಅನುಕೂಲ ಆಗ್ಲಿ ಅಂತ ಜೋಡಿಸಿಟ್ಟೆ ಅಕ್ಕಾವ್ರೆ” ಅಂದ. ಅವನ ಅನುಕೂಲಕ್ಕಿಷ್ಟು!

ಮಧ್ಯಾಹ್ನ ತಮ್ಮ ಬಂದ. ಬಸ್ ನಿಲ್ದಾಣದಿಂದ ನೇರವಾಗಿ, ಎದೆ ಮೇಲಿನ ಬ್ಯಾಡ್ಜು ಕೂಡ ತೆಗೆಯದೆ. ಯಾವ ಬಸ್ಸು, ಎಲ್ಲಿಗೆ, ಎಷ್ಟು ಹೊತ್ತಿಗೆ ಎಂದು ಮೈಕಿನಲ್ಲಿ ಹೇಳುವುದು ಅವನ ಕೆಲಸ. ಚಿಕ್ಕಂದಿನಿಂದಲೂ ಅವನದು ಗಂಟೆಯಂಥ ಗಂಟಲು. ಚಳಿಗಾಲ ಶುರುವಾದಾಗ ಧ್ವನಿ ಕಟ್ಟಿದ್ದು ಬಿಟ್ಟೇ ಇಲ್ಲ. ಸ್ಕ್ಯಾನ್ ರಿಪೋರ್ಟು ಬಂದಿದೆ.

“ಧ್ವನಿಪೆಟ್ಟಿಗೆ ಪಕ್ಕದಲ್ಲೇ ಗಡ್ಡೆ ಇದೆಯಂತೆ ಅಕ್ಕಾ. ತೆಗೀಬೇಕಂತೆ. ತೆಗೆದ್ರೆ ಧ್ವನಿ ಉಳಿಯುತ್ತೆ ಅಂತ ಹೇಳಕ್ಕಾಗಲ್ವಂತೆ.”

“ತೆಗೀದಿದ್ರೆ?”

“ಆಗ ನಾನು ಉಳಿತೀನಿ ಅಂತ ಹೇಳಕ್ಕಾಗಲ್ವಂತೆ.”

ನಗಲು ಹೋದ, ಕೆಮ್ಮು ಬಂತು. ಹತ್ತೊಂಬತ್ತಕ್ಕೆ ಡಾಕ್ಟರಿಗೆ ಹೂಂ ಅಥವಾ ಉಹೂಂ ಹೇಳಬೇಕು. ಹೂಂ ಅನ್ನು ಕಣೋ ಅಂದೆ. ಮೇಜಿನ ಮೇಲಿನ ಕಾಗದದ ಚೂರುಗಳನ್ನು ಒಟ್ಟು ಮಾಡುತ್ತ ಕೂತ. ಹೊರಡುವಾಗ ಚಪ್ಪಲಿ ಮೆಟ್ಟಲು ಎಷ್ಟು ಹೊತ್ತು ತೆಗೆದುಕೊಂಡ...

ಮಾರ್ಚ್ ೫, ಗುರುವಾರ

ಸಂಜೆ ತಮ್ಮನ ಮನೆಗೆ ಹೋಗಿದ್ದೆ. ಮೈಕಿಗೆ ಬೇರೆಯವರನ್ನು ಕೂರಿಸಿ ಇವನನ್ನು ಟಿಕೆಟ್ ಕಿಟಕಿಗೆ ಹಾಕಿದ್ದಾರಂತೆ. ಏನು ತೀರ್ಮಾನ ಮಾಡಿದೆ ಎಂದರೆ ಗೋಡೆ ಕಡೆ ಕೈ ತೋರಿಸಿದ.

“ಹತ್ತೊಂಬತ್ತರ ಹಾಳೆ ಏನ್ ಹೇಳುತ್ತೋ ಹಾಗೆ.”

ಗೋಡೆಯ ಮೇಲೆ ನಮ್ಮ ಪ್ರೆಸ್ಸಿನದೇ ಕ್ಯಾಲೆಂಡರು. ದಿನಕ್ಕೊಂದು ಹಾಳೆ ಹರಿಯುವಂಥದ್ದು. ಪ್ರತಿ ಹಾಳೆಯ ಕೆಳಗೂ ಒಂದೊಂದು ನುಡಿ.

ಅವನ ಹೆಂಡತಿ, ನನ್ನ ನಾದಿನಿ, ಅಡುಗೆಮನೆಯಿಂದಲೇ ಹೇಳಿದಳು: “ಕೇಳಿಸ್ಕೊಂಡ್ರಾ ಅತ್ತಿಗೆ? ಪಾಪ ಆ ಡಾಕ್ಟರು ಅಷ್ಟು ವರ್ಷ ಓದಿದ್ದು ದಂಡ. ಒಂದು ಕ್ಯಾಲೆಂಡರ್ ತಗೊಂಡಿದ್ರೆ ಆಗಿತ್ತು!”

“ನೀನು ಸುಮ್ನಿರೇ. ನನ್ನ ಸಸ್ಪೆಂಡ್ ಮಾಡ್ದಾಗ ಹಾಸಿಗೆಯಿಂದ ಎಬ್ಬಿಸಿದ್ದು ಯಾವುದು? ನನಗೇ ಅಂತ ಬರೆದ ಹಾಗಿತ್ತು ಆವತ್ತಿನ ಮಾತು.” ಪರ್ಸಿನಿಂದ ಮಡಿಸಿದ ಹಾಳೆ ತೆಗೆದ. ಮಡಿಕೆಗಳಲ್ಲಿ ಸವೆದಿದೆ. ‘ಬಾಗಿಲು ಮುಚ್ಚಿದೆ ಎಂದು ಬೀಗಕ್ಕೆ ಬೈಯಬೇಡ. ಇನ್ನೊಮ್ಮೆ ತಟ್ಟು.’

ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಅದು ನನ್ನ ಮಾತು. ಪ್ರೆಸ್ಸಿನ ಯಜಮಾನರು ಚಿಲಕ ಹಾಕಿಕೊಂಡು ಒಳಗೆ ನಿದ್ದೆಹೊಡೆದು, ನಾನು ಬಿಸಿಲಲ್ಲಿ ನಿಂತು ಬಾಗಿಲು ಬಡಿದಿದ್ದೆನಲ್ಲ, ಆ ಸಿಟ್ಟಿನಲ್ಲಿ ಜೋಡಿಸಿದ್ದು. ಪತ್ರಿಕೆಗಳಿಂದ ಆರಿಸಿದ ನುಡಿಗಳು ಪ್ರತಿ ವರ್ಷವೂ ಕಡಿಮೆ ಬೀಳುತ್ತವೆ. “ಏನಾದ್ರೂ ತುಂಬಿಸಮ್ಮ” ಅನ್ನುತ್ತಾರೆ ಯಜಮಾನರು. ತುಂಬಿಸುತ್ತೇನೆ. ಕೆಳಗೆ ‘ಹಿರಿಯರು’ ಎಂದು ಹಾಕುತ್ತೇನೆ.

“ಅದರಲ್ಲಿ ಸುಮಾರು ನಾನೇ ಬರೆದಿರೋದು ಕಣೋ” ಅಂದೆ.

“ಜೋಡಿಸಿದ್ದು ನೀನು. ಹೇಳಿದೋರು ದೊಡ್ಡೋರು. ಕೆಳಗೆ ಹಾಕಿರ್ತಾರಲ್ಲ.”

ಹಾಳೆಯನ್ನು ಅಷ್ಟು ಜೋಪಾನವಾಗಿ ಮಡಿಸಿ ಒಳಗಿಟ್ಟ. ಈ ಹೊತ್ತಿನಲ್ಲಿ ಅವನು ಹಿಡಿದು ನಿಂತಿರುವ ಒಂದೇ ಆಸರೆ. ಅದನ್ನೂ ಕಿತ್ತುಕೊಳ್ಳಲೇ?

ಮಾರ್ಚ್ ೬, ಶುಕ್ರವಾರ

ಪ್ರೆಸ್ಸಿಗೆ ಹೋದವಳೇ ಕ್ಯಾಲೆಂಡರಿನ ಆಫೀಸ್ ಪ್ರತಿ ತೆಗೆದು ನೋಡಿದೆ. ಹತ್ತೊಂಬತ್ತು.

‘ತನ್ನಷ್ಟಕ್ಕೆ ಇರುವುದನ್ನು ಕೆದಕಬೇಡ. ಕೈ ಹಾಕದಿದ್ದರೆ ಎಲ್ಲವೂ ಸರಿಯಾಗಿಯೇ ಇರುತ್ತದೆ. — ಹಿರಿಯರು.’

ಇದೂ ನನ್ನದೇ. ಯಾರಿಗೆ ಬರೆದದ್ದು? ಬೈಂಡರಿಗೆ! ಅವನು ಓದಲಿ, ನನ್ನ ಮೊಳೆ ಮುಟ್ಟದಿರಲಿ ಎಂದು. ಓದಿದನೇ ಪುಣ್ಯಾತ್ಮ? ಇಲ್ಲ. ಈಗ ನನ್ನ ತಮ್ಮ ಓದುತ್ತಾನೆ.

ಪ್ರತಿಯನ್ನು ಕಪಾಟಿನ ತಳಕ್ಕೆ ತುರುಕಿದೆ.

ಮಾರ್ಚ್ ೯, ಸೋಮವಾರ

ಹಾಳೆ ಬದಲಿಸಿಬಿಡಬಹುದು. ಮೊಳೆಯೂ ಇದೆ, ಕಾಗದವೂ ಇದೆ, ಮಶೀನೂ ಇದೆ. ಯೋಚನೆ ಬಂದಾಗಿನಿಂದ ಕಳ್ಳಿಯ ಹಾಗೆ ಓಡಾಡುತ್ತಿದ್ದೇನೆ.

ಬದಲಿಸಿದೆ ಎಂದಿಟ್ಟುಕೊಳ್ಳೋಣ. ಅವನು ಹೂಂ ಅಂದು, ಆಪರೇಷನ್ ಆಗಿ, ಧ್ವನಿ ಹೋಯಿತು. ಆಗ? ಮುಖಕ್ಕೆ ಮುಖ ಕೊಟ್ಟು ಹೇಗೆ ಕೂರಲಿ? ಬದಲಿಸಲಿಲ್ಲ — ಬೈಂಡರಿಗೆ ಬೈದ ಮಾತು ತಮ್ಮನನ್ನೇ ನುಂಗಿತು. ಆಗ?

ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವಳು. ಓದು ಕಲಿತದ್ದೇ ಮೊಳೆಗಳಿಂದ, ಅದೂ ಉಲ್ಟಾ. ನನಗೆ ಯಾಕೆ ಬೇಕಿತ್ತು ಲೋಕಕ್ಕೆ ಬುದ್ಧಿ ಹೇಳುವ ಉಸಾಬರಿ? ಜಾಗ ಖಾಲಿ ಬಿಟ್ಟಿದ್ದರೆ ಗಂಟೇನು ಹೋಗುತ್ತಿತ್ತು! ಇನ್ನೆಷ್ಟು ಮನೆಗಳಲ್ಲಿ ಇನ್ನೆಷ್ಟು ಜನ ನನ್ನ ಸಿಡುಕನ್ನು ಪರ್ಸಿನಲ್ಲಿಟ್ಟುಕೊಂಡು ತಿರುಗುತ್ತಿದ್ದಾರೋ...

ಮಾರ್ಚ್ ೧೨, ಗುರುವಾರ

ಯಜಮಾನರು ಊಟಕ್ಕೆ ಹೋದಾಗ ಕೂತೆ. ಬೇಕಾದಾಗ ಒಂದು ಮಾತೂ ಬರುವುದಿಲ್ಲ! ‘ಧೈರ್ಯವೇ’ ಎಂದು ಶುರು ಮಾಡಿದೆ, ಕಿತ್ತು ಹಾಕಿದೆ. ಅವನ ಗಂಟಲಿಗೆ ಕತ್ತಿ, ನನ್ನ ಬಾಯಲ್ಲಿ ಧೈರ್ಯ. ಚೆನ್ನಾಗಿದೆ.

ಕೊನೆಗೆ ಇಷ್ಟು ಬಂತು: ‘ಹೆದರಿಕೆ ಇದ್ದರೆ ಇರಲಿ. ಹೆಜ್ಜೆ ಇಡು.’ ಸಾಲು ತೀರ ಗಿಡ್ಡವಾಗಿ ಕಂಡಿತು. ‘ಜೊತೆಗೆ ಬರುತ್ತೇನೆ’ ಎಂದು ಸೇರಿಸಿದೆ. ಜಾಗ ತುಂಬಿತು. ಮೇಲೆ ತಾರೀಖು, ವಾರ; ಕೆಳಗೆ ಎಂದಿನಂತೆ ‘ಹಿರಿಯರು’. ಬಾಗಿಲ ಕಡೆಯೇ ನೋಡುತ್ತ ಮಶೀನಿಗೆ ಕಾಗದ ಕೊಡುವಾಗ ಬೆರಳೇ ಹೋಗಬೇಕಿತ್ತು. ಮಸಿ ಆರುವ ತನಕ ಕಾದು, ಸೆರಗಿನೊಳಗೆ ಇಟ್ಟುಕೊಂಡು ಬಂದೆ.

ಮಾರ್ಚ್ ೧೪, ಶನಿವಾರ

ತಮ್ಮನ ಮನೆಗೆ ಹೋದೆ. ಅವನು ಡ್ಯೂಟಿಯಲ್ಲಿದ್ದ. ನಾದಿನಿ ಹಿತ್ತಲಲ್ಲಿ ಬಟ್ಟೆ ಹಿಂಡುತ್ತಿದ್ದಳು. ಹತ್ತೊಂಬತ್ತರ ಹಳೆಯ ಹಾಳೆ ಹರಿದೆ, ಹೊಸದಕ್ಕೆ ಗೋಂದು ಹಚ್ಚಿದೆ. ಅಷ್ಟರಲ್ಲಿ ಬೆನ್ನ ಹಿಂದೆ —

“ಏನ್ ಮಾಡ್ತಿದೀರಿ ಅತ್ತಿಗೆ?”

“ಧೂಳು ಒರೆಸ್ತಿದ್ದೆ.”

“ಗೋಂದು ಹಚ್ಚಿ?”

ಅವಳು ಒದ್ದೆ ಕೈ ಒರೆಸಿಕೊಂಡು ಬಂದು ಹಾಳೆಗಳ ಕಟ್ಟನ್ನು ಎತ್ತಿ ಹಿಡಿದಳು. ಅಂಟಿಸಿದೆ. ಅವಳ ಕಣ್ಣು ಊದಿಕೊಂಡಿತ್ತು. ಚಹಾ ಕುಡಿದು ಹೋಗಿ ಎಂದಳು.

ಮಾರ್ಚ್ ೧೯, ಗುರುವಾರ

ಬೆಳಿಗ್ಗೆ ತಲೆ ಬಾಚಿಕೊಳ್ಳುತ್ತಿದ್ದಾಗಲೇ ಫೋನು.

“ಅಕ್ಕಾ, ಇವತ್ತು ಯಾವ ವಾರ?”

“ಗುರುವಾರ. ಯಾಕೋ?”

“ನಮ್ಮ ಮನೇಲಿ ಬುಧವಾರ.”

ಬಾಚಣಿಗೆ ಕೈಯಲ್ಲೇ ಉಳಿಯಿತು. ಇಷ್ಟು ವರ್ಷ ಬೇರೆಯವರ ತಪ್ಪು ಹುಡುಕಿ ಮೂಗು ಮುರಿದವಳು ನಾನು. ವಾರವನ್ನೇ ತಪ್ಪು ಜೋಡಿಸಿದ್ದೆ!

“ಆಮೇಲೆ ಯಾವ ದೊಡ್ಡೋರು ಅಕ್ಕಾ ಅದು, ಜೊತೆಗೆ ಬರ್ತೀನಿ ಅನ್ನೋರು? ಆಪರೇಷನ್ ರೂಮಿಗೂ ಬರ್ತಾರಾ?”

ಗಂಟಲು ಕೀರಲು. ನಗುತ್ತಿದ್ದಾನೋ ಬೈಯುತ್ತಿದ್ದಾನೋ ತಿಳಿಯಲಿಲ್ಲ. ತಪ್ಪಾಯ್ತು ಕಣೋ ಅಂದೆ. ಬೈಂಡರಿನ ಕಥೆಯನ್ನೂ ಬಡಬಡ ಹೇಳಿಬಿಟ್ಟೆ. ಕೇಳಿಸಿಕೊಂಡ. ಆಮೇಲೆ ಮೆಲ್ಲಗೆ ಹೇಳಿದ:

“ಹಳೇ ಹಾಳೆ ನಾನು ಮೊದಲೇ ನೋಡಿದ್ದೆ ಅಕ್ಕಾ. ಡಾಕ್ಟರು ತಾರೀಖು ಕೊಟ್ಟ ದಿನಾನೇ ಎತ್ತಿ ನೋಡ್ದೆ. ಕೆದಕಬೇಡ ಅಂತಿತ್ತು. ಜೀವ ಬಂದ ಹಾಗಾಯ್ತು. ಅದಕ್ಕೇ ಅಲ್ವಾ, ಹಾಳೆ ಹೇಳಿದ ಹಾಗೆ ಅಂತ ಜಂಬ ಕೊಚ್ಚಿದ್ದು.”

ಫೋನನ್ನು ಇನ್ನೊಂದು ಕಿವಿಗೆ ಹಿಡಿದೆ.

“ನೀನು ವಾರ ತಪ್ಪಿದೀಯ ಅಂದ್ರೆ ಎಷ್ಟು ಹೆದರಿರಬೇಕು! ಅದನ್ನ ನೋಡಿ ಕೂತೆ, ಕೂತೆ... ಇವಳು ಬ್ಯಾಗ್ ತಗೊಂಡು ಬಾಗಿಲಲ್ಲಿ ನಿಂತಿದಾಳೆ. ಹೂಂ ಅಂದು ಬರ್ತೀನಿ. ನೀನೂ ಬಾ. ಬರೆದುಕೊಟ್ಟಿದೀಯಲ್ಲ.”

ಹೋದೆ. ಹೂಂ ಅಂದ. ಡಾಕ್ಟರು ಸಹಿ ಮಾಡಿಸಿಕೊಂಡರು.

ಹಗುರಾಗಬೇಕಿತ್ತು. ಆಗಲಿಲ್ಲ. ಇದುವರೆಗೆ ‘ಹಿರಿಯರು’ ಎಂಬ ಪರದೆಯ ಹಿಂದೆ ಇದ್ದೆ. ಈಗ ಅವನು ಹೊರಟಿರುವುದು ಯಾವ ಹಿರಿಯರ ಮಾತಿಗೂ ಅಲ್ಲ, ನನ್ನ ಹೆದರಿಕೆಗೆ. ಧ್ವನಿ ಹೋದರೆ ತೆಗೆದವಳು ನಾನೇ. ಬೇರೆ ಯಾರ ಹೆಸರೂ ಹಾಕುವ ಹಾಗಿಲ್ಲ.

ಮಾರ್ಚ್ ೨೮, ಶನಿವಾರ

ಆಪರೇಷನ್ ಆಗಿ ಎರಡು ದಿನ. ಗಡ್ಡೆ ಪೂರ್ತಿ ಬಂತು, ಜೀವಕ್ಕೆ ಭಯವಿಲ್ಲ ಅಂದರು. ನಾದಿನಿ ಗೋಡೆಗೆ ಒರಗಿ ಹಾಗೇ ಕುಸಿದು ಕೂತಳು. ಧ್ವನಿ? “ನೋಡೋಣ. ಒಂದು ವಾರ ಪಿಸುಮಾತೂ ಕೂಡದು.”

ಕತ್ತಿನ ತುಂಬ ಬ್ಯಾಂಡೇಜು. ಕೈಯಲ್ಲಿ ಸ್ಲೇಟು ಕೊಟ್ಟಿದ್ದಾರೆ. ನನ್ನನ್ನು ನೋಡಿ ಬರೆದ: ‘ಇವತ್ತು ಯಾವ ವಾರ?’ ನಾದಿನಿ ನಕ್ಕಳು, ಅವನೂ ಸದ್ದಿಲ್ಲದೆ ನಕ್ಕ. ನಾನೂ ನಕ್ಕೆ. ಕಾರಿಡಾರಿಗೆ ಬಂದು ಅತ್ತೆ. ಅವನು ನಗುವುದು ಯಾವತ್ತಾದರೂ ಇಷ್ಟು ಸದ್ದಿಲ್ಲದೆ ಇತ್ತೇ?

ಏಪ್ರಿಲ್ ೧, ಬುಧವಾರ

ಮುಂದಿನ ವರ್ಷದ ಕ್ಯಾಲೆಂಡರಿನ ಕೆಲಸ ಈಗಲೇ ಶುರು ಮಾಡೋಣ ಎಂದರು ಯಜಮಾನರು. ಕಡಿಮೆ ಬಿದ್ದಲ್ಲಿ ಖಾಲಿ ಬಿಡಿ, ನಾನು ತುಂಬಿಸುವುದಿಲ್ಲ ಅಂದೆ. “ಖಾಲಿ ಬಿಟ್ಟರೆ ಜನ ಏನಂತಾರಮ್ಮ?” ಅವರವರ ಮಾತು ಅವರವರೇ ಬರೆದುಕೊಳ್ಳಲಿ ಅಂದೆ. ತಲೆ ಕೆಟ್ಟಿದೆ ಇವಳಿಗೆ ಎನ್ನುವ ಹಾಗೆ ನೋಡಿದರು.

ಏಪ್ರಿಲ್ ೪, ಶನಿವಾರ — ಆಸ್ಪತ್ರೆ ಕಾರಿಡಾರು

ಇವತ್ತು ಮಾತಾಡಿಸಿ ನೋಡುತ್ತಾರೆ. ಡಾಕ್ಟರು ಒಳಗೆ ಹೋಗಿ ತುಂಬ ಹೊತ್ತಾಯಿತು. ನಮ್ಮಿಬ್ಬರನ್ನೂ ಹೊರಗೆ ಕೂರಿಸಿದ್ದಾರೆ. ಬಾಗಿಲು ದಪ್ಪ, ಒಳಗಿನದು ಏನೂ ಕೇಳದು. ನಾದಿನಿ ನನ್ನ ಎಡಗೈ ಹಿಡಿದುಕೊಂಡಿದ್ದಾಳೆ, ಬಲಗೈಯಲ್ಲಿ ಬರೆಯುತ್ತಿದ್ದೇನೆ. ಸುಮ್ಮನೆ ಕೂತರೆ ಎದೆ ಒಡೆಯುತ್ತದೆ.

ಮೈಕಿನ ಧ್ವನಿ ಬೇಡ. ಮನೆಯಲ್ಲಿ ಹೆಂಡತಿಗೆ ಕೇಳಿಸುವಷ್ಟು ಸಾಕು. ಅಷ್ಟೂ ಇಲ್ಲವೆಂದರೆ... ಕಾಲು ಹಿಡಿದುಕೊಳ್ಳಲೇ? ಅವನಿಗದು ಸೇರದು. ಏನು ಹೇಳಲಿ? ಜೋಡಿಸಿಟ್ಟ ಮಾತು ಒಂದೂ ಇಲ್ಲ.

ಬಾಗಿಲು ತೆರೆಯಿತು. ನರ್ಸು. ಮುಖದಲ್ಲಿ ಏನೂ ಗೊತ್ತಾಗುತ್ತಿಲ್ಲ.

“ಅಕ್ಕ ಅನ್ನೋರು ಯಾರು? ಮೊದಲು ನೀವು ಬರಬೇಕಂತೆ.”

ಬರಬೇಕಂತೆ... ಬಾಯಿಬಿಟ್ಟು ಹೇಳಿದನೇ, ಸ್ಲೇಟಿನಲ್ಲಿ ಬರೆದನೇ? ಕೇಳೋಣ ಎಂದರೆ ನರ್ಸು ಆಗಲೇ ಒಳಗೆ ತಿರುಗಿದ್ದಾಳೆ. ನಾದಿನಿ ನನ್ನನ್ನು ಎಬ್ಬಿಸುತ್ತಿದ್ದಾಳೆ. ಇಗೋ, ಎದ್ದೆ ಕಣೇ, ಹೋಗ್ತೀ—