ಹಗ್ಗ ಬಿಡಿ, ದೋಣಿ ಬಿಡಬೇಡಿ

ಒಡಹುಟ್ಟದಿದ್ದರೂ ಅಣ್ಣನಾದ ಮುನಿಯಣ್ಣನಿಗೆ, ಹಾಯಿ ಹೊಲಿಯುವ ಸರೋಜ ಬರೆಯುವುದು.

ಮೊನ್ನೆ ಮಧ್ಯಾಹ್ನ ಊಟ ಮಾಡಿ ಹಾಗೇ ಒರಗಿದ್ದೆ, ಕೆಟ್ಟ ಕನಸು ಬಿತ್ತು. ನೀವು ಕೆರೆಯ ಏರಿಯ ಮೇಲೆ ನಿಂತು ನಾನು ಬರೆದ ತಿಂಗಳ ಹಾಳೆ ಓದುತ್ತಿದ್ದಿರಿ, ಪ್ರತಿ ಸಾಲಿನ ಕೆಳಗೂ ಬೆರಳಿಟ್ಟು. ಮೂರನೇ ಸಾಲಿಗೆ ಬಂದಾಗ ಬೆರಳು ನಿಂತಿತು. ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಜೇಬಿಗೆ ಹಾಕಿಕೊಂಡು, ಮೈಮೇಲಿನ ಬಟ್ಟೆಯಲ್ಲೇ ನೀರಿಗೆ ಇಳಿದುಬಿಟ್ಟಿರಿ. ಕೂಗಲು ಹೋದರೆ ನನಗೆ ಗಂಟಲೇ ಇಲ್ಲ. ಎದ್ದು ಕೂತಾಗ ಬೆನ್ನೆಲ್ಲ ಬೆವರು, ತಲೆಯ ಮೇಲೆ ಫ್ಯಾನು ತಿರುಗುತ್ತಲೇ ಇತ್ತು. ಆ ಕನಸು ಯಾಕೆ ಬಿತ್ತು ಅಂತ ನನಗೆ ಗೊತ್ತು. ಮೂರನೇ ಸಾಲಿನಲ್ಲಿ ನಾನು ತಪ್ಪು ಮಾಡಿದ್ದೆ. ಅದರಿಂದ ಒಬ್ಬರ ಜೀವ ಹೋಗುವುದರಲ್ಲಿತ್ತು ಅಣ್ಣ.

ನಾನು ಮೊದಲ ಸಲ ಕೆರೆ ದಂಡೆಯ ಹಾಯಿದೋಣಿ ಕ್ಲಬ್ಬಿನ ಶೆಡ್ಡಿಗೆ ಬಂದ ದಿನ ನಿಮಗೆ ನೆನಪಿದೆಯಾ? ಬೊಮ್ಮನಹಳ್ಳಿಯ ಗಾರ್ಮೆಂಟ್ಸ್ ಕೆಲಸ ಹೋಗಿ ಎರಡು ತಿಂಗಳಾಗಿತ್ತು. ಹರಿದ ಹಾಯಿ ಹೊಲಿಯುವವರು ಬೇಕಂತೆ ಎಂದು ಯಾರೋ ಹೇಳಿದ್ದರು. ಹಾಯಿ ಅಂದರೆ ಏನು ಅಂತಲೂ ಗೊತ್ತಿಲ್ಲದೆ ಸುದ್ದಗುಂಟೆಪಾಳ್ಯದಿಂದ ಎರಡು ಬಸ್ಸು ಬದಲಾಯಿಸಿ ಬಂದಿದ್ದೆ. ಗಂಟೆಗೆ ಎಷ್ಟು ಪ್ಯಾಂಟು ಹೊಲಿಯುತ್ತಿದ್ದೆ ಅಂತ ಜಂಬ ಕೊಚ್ಚಿಕೊಂಡಾಗ ನೀವು ಬಟ್ಟೆಯ ಒಂದು ತುದಿ ನನ್ನ ಕೈಗೆ ಕೊಟ್ಟು ಎಳೆದಿರಿ, ಎಳೆದ ರಭಸಕ್ಕೆ ನಾನು ಮುಗ್ಗರಿಸಿದೆ. "ಪ್ಯಾಂಟು ಹರಿದ್ರೆ ಮಾನ ಹೋಗುತ್ತೆ ತಂಗಿ, ಇದು ಹರಿದ್ರೆ ಆಳು ಹೋಗ್ತಾನೆ" ಎಂದಿರಿ. ಅವತ್ತಿನಿಂದ ಒಂದು ಹೊಲಿಗೆ ಹಾಕುವ ಕಡೆ ಎರಡು ಹಾಕುತ್ತಾ ಬಂದಿದ್ದೇನೆ. ನನ್ನ ಹೆದರಿಕೆಯ ಸ್ವಭಾವ ನಿಮಗೆ ಗೊತ್ತಲ್ಲ. ಮನೆಗೆ ಬೀಗ ಹಾಕಿ ಮೂರು ಸಲ ಎಳೆದು ನೋಡುವವಳು.

ತಿಂಗಳ ಹಾಳೆಯ ಕೆಲಸ ನನ್ನ ತಲೆಗೆ ಕಟ್ಟಿದ ದಿನವೂ ಕಣ್ಣ ಮುಂದಿದೆ. ಸುಬ್ರಹ್ಮಣ್ಯಪುರದಲ್ಲಿ ಎಮ್ಮೆ ಮೈತೊಳೆಯುತ್ತಾ ಈಜು ಕಲಿತವರು ನೀವು. ಗಾಳಿ ನೀರಿನ ಮೇಲೆ ಬರುವುದು ಎಲ್ಲರಿಗಿಂತ ಮೊದಲು ನಿಮಗೆ ಕಾಣುತ್ತಿತ್ತು, ಅಕ್ಷರ ಮಾತ್ರ ನಿಧಾನ. ನೀವು ಹೇಳುವುದು, ನಾನು ಬರೆಯುವುದು ಅಂತ ಆಯಿತು. ಏಳನೇ ಕ್ಲಾಸಿಗೆ ಬಿಟ್ಟವಳಿಗೆ ಇದೆಲ್ಲ ಯಾಕಣ್ಣ ಅಂದರೆ, "ಎಂಟ್ನೇ ಕ್ಲಾಸಲ್ಲಿ ದೋಣಿ ನಡೆಸೋದು ಹೇಳ್ಕೊಡ್ತಾರೇನು?" ಅಂತ ಬಾಯಿ ಮುಚ್ಚಿಸಿದಿರಿ. ಯಾವ ದೋಣಿ ರಿಪೇರಿಯಲ್ಲಿದೆ, ಕೆರೆಯ ಯಾವ ಮೂಲೆಯಲ್ಲಿ ಜೊಂಡು ಬೆಳೆದಿದೆ, ಯಾರು ಈ ತಿಂಗಳು ಒಬ್ಬರೇ ಒಂದು ಸುತ್ತು ಹೋಗಿ ಬಂದರು. ಇವುಗಳ ನಡುವೆ ಎರಡು ಬುದ್ಧಿಮಾತು. ಅದರಲ್ಲಿ ಒಂದು ಮಾತ್ರ ಪ್ರತಿ ತಿಂಗಳೂ ಬರಲೇಬೇಕು: ಗಾಳಿ ಜೋರಾದರೆ ಹಗ್ಗ ಬಿಡಿ, ಮಗುಚಿದರೆ ದೋಣಿ ಬಿಡಬೇಡಿ. ಹಾಯಿಯನ್ನು ಎಳೆದು ಹಿಡಿಯುವ ಹಗ್ಗ ಬಿಟ್ಟರೆ ಗಾಳಿ ಸೋರಿಹೋಗಿ ದೋಣಿ ನೆಟ್ಟಗಾಗುತ್ತದೆ. ಮಗುಚಿದರೂ ದೋಣಿ ತೇಲುತ್ತದೆ, ಅದನ್ನು ಹಿಡಿದುಕೊಂಡವರು ದೂರದಿಂದ ಕಾಣುತ್ತಾರೆ. ಎಷ್ಟು ಸಲ ವಿವರಿಸಿದ್ದಿರಿ! ದಡದ ಮೇಲಿಂದ ಕೂಗುವಾಗ ಮಾತ್ರ ಬರೀ "ಬಿಡೂ... ಬಿಡೂ..." ಅಷ್ಟೇ. ನೀರಿನ ಮೇಲಿದ್ದವರಿಗೆ ಯಾವುದನ್ನು ಅಂತ ಗೊತ್ತಾಗುತ್ತಿತ್ತು.

ಹೋದ ತಿಂಗಳ ಹಾಳೆ ಬರೆದು ಮುಗಿಸಿದ್ದ ಸಂಜೆ ಜಯನಗರದಿಂದ ನಳಿನಿ ಮೇಡಂ ಫೋನು ಮಾಡಿದರು. ಈಗಲೂ ಅವರೇ ಸೆಕ್ರೆಟರಿ, ಹಾಳೆ ಪ್ರಿಂಟು ಹಾಕಿಸಿ ಎಲ್ಲರ ಮೊಬೈಲಿಗೂ ಕಳಿಸುವವರು ಅವರೇ. ಪಂದ್ಯ ಗೆದ್ದವರ ಫೋಟೋ ಹಾಕಬೇಕು, ಎರಡು ಸಾಲು ಕಡಿಮೆ ಮಾಡಿ ಅಂದರು. ನಾನು ಅಲ್ಲೊಂದು ಇಲ್ಲೊಂದು ಪದ ಕತ್ತರಿಸಿದೆ, ಬಟ್ಟೆಯ ಅಂಚಿನ ದಾರ ಕತ್ತರಿಸಿದ ಹಾಗೆ. ಮೂರನೇ ಸಾಲು ಹೀಗಾಯಿತು: ಗಾಳಿ ಜೋರಾದರೆ ಬಿಡಿ, ಮಗುಚಿದರೆ ಬಿಡಬೇಡಿ. ಹಗ್ಗವೂ ಹೋಯಿತು, ದೋಣಿಯೂ ಹೋಯಿತು. ಓದಿ ನೋಡಿದೆ, ನನಗೆ ಸರಿಯಾಗಿಯೇ ಕೇಳಿಸಿತು. ನನ್ನ ಕಿವಿಯಲ್ಲಿ ನಿಮ್ಮ ಕೂಗು ಇತ್ತಲ್ಲ. ನಿಮ್ಮ ಕೂಗು ಒಂದು ಸಲವೂ ಕೇಳದವರು ಅದನ್ನು ಓದುತ್ತಾರೆ ಅಂತ ನನಗೆ ಯಾಕೆ ಹೊಳೆಯಲಿಲ್ಲ?

ಶ್ರೀಕಂಠ ಸಾರ್ ನೀವು ಕ್ಲಬ್ಬಿನ ಕೆಲಸ ಬಿಟ್ಟು ಹೋದಮೇಲೆ ಸೇರಿದವರು. ಬನಶಂಕರಿಯವರು, ಬ್ಯಾಂಕಿನಿಂದ ರಿಟೈರ್ ಆದವರು. ಹಾಳೆಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿಕೊಂಡು, ಕೆಂಪು ಪೆನ್ನಿನಲ್ಲಿ ಗೆರೆ ಎಳೆದುಕೊಂಡು ಬರುವ ಮನುಷ್ಯ. ಹಾಳೆ ಬಂದ ಮೇಲಿನ ಭಾನುವಾರ ಒಬ್ಬರೇ ದೋಣಿ ತೆಗೆದುಕೊಂಡು ಹೋದರು. ಆಷಾಢದ ಗಾಳಿ, ಬೆಳಿಗ್ಗೆ ಹತ್ತಕ್ಕೇ ನೀರು ಕಪ್ಪಾಗುತ್ತಿತ್ತು. ದೋಣಿ ವಾಲತೊಡಗಿದಾಗ ಇವರು ಅದನ್ನು ನೆಟ್ಟಗಿಡಲು ಎದ್ದ ಮಗ್ಗುಲಿನಲ್ಲಿ ಹೊರಗೆ ಬಾಗಿ ಕೂತರು. ಈಗ ಮಗುಚುತ್ತದೆ, ಮಗುಚಿದರೆ ಬಿಡಬಾರದು ಅಂತ ಹಗ್ಗವನ್ನು ಎಡಗೈಗೆ ಎರಡು ಸುತ್ತು ಸುತ್ತಿಕೊಂಡರು. ಕೈಗೆ ಹಗ್ಗ ಸುತ್ತಿದವರನ್ನು ನೀವು ದೋಣಿಯಿಂದ ಇಳಿಸಿಯೇ ಬಿಡುತ್ತಿದ್ದಿರಿ. ಅಷ್ಟರಲ್ಲಿ ಗಾಳಿ ಒಮ್ಮೆಲೇ ಸತ್ತಿತು. ಬಾಗಿ ಕೂತವರ ಮೇಲೇ ದೋಣಿ ಹೊರಳಿ, ಹಾಯಿ ಚಾಪೆಯ ಹಾಗೆ ನೀರಿನ ಮೇಲೆ ಹಾಸಿಕೊಂಡಿತು. ಅವರು ಅದರ ಅಡಿಯಲ್ಲಿ.

ನಾನು ಶೆಡ್ಡಿನ ಬಾಗಿಲಲ್ಲಿ ಸೂಜಿಗೆ ದಾರ ಪೋಣಿಸುತ್ತಾ ಇದ್ದೆ. ಹಾಯಿ ಬಿದ್ದದ್ದು ಕಂಡಿತು, ತಲೆ ಮೇಲೆ ಬರಲಿಲ್ಲ. ಮೋಟಾರು ದೋಣಿ ಆಚೆ ಕೋಡಿಯ ಹತ್ತಿರ ಇತ್ತು, ನಳಿನಿ ಮೇಡಂ ಅದನ್ನು ತಿರುಗಿಸಿದರು. ನಾನು ಎಣಿಸತೊಡಗಿದೆ. ಯಾಕೆ ಎಣಿಸಿದೆನೋ. ಇಪ್ಪತ್ತರವರೆಗೆ ನೆನಪಿದೆ, ಆಮೇಲೆ... ಹಾಯಿಯ ಒಂದು ಅಂಚು ಎದ್ದಿತು, ಬೋಳು ತಲೆ ಕಾಣಿಸಿತು. ದಡಕ್ಕೆ ತಂದಾಗ ಮಣಿಕಟ್ಟಿನಲ್ಲಿ ಹಗ್ಗದ ಗುರುತು ಬಳೆಯ ಹಾಗೆ ಕೆಂಪಗೆ ಕೂತಿತ್ತು. ನನ್ನನ್ನು ನೋಡಿ ಅವರು ಬೈಯಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು. "ನೀವು ಬರ್ದಿದ್ದನ್ನ ಬಾಯಿಪಾಠ ಮಾಡ್ಕೊಂಡಿದ್ದೆ ಸರೋಜಮ್ಮ. ಬಿಡ್ಬೇಡಿ ಅಂದಿದ್ರಲ್ಲ, ಬಿಡ್ಲಿಲ್ಲ" ಎಂದರು.

ಆಮೇಲೆ ಟೀ ಕುಡಿಯುವಾಗ ಎಲ್ಲರೂ ನನಗೇ ಸಮಾಧಾನ ಹೇಳಿದರು. "ಆಗಿದ್ದಾಯ್ತು, ಬಿಡಿ ಸರೋಜಮ್ಮ" ಅಂದರು ನಳಿನಿ ಮೇಡಂ. ಮತ್ತೆ ಅದೇ ಮಾತು, ಬಿಡಿ. ಏನನ್ನು ಬಿಡಲಿ? ಹಾಳೆ ಬರೆಯುವುದನ್ನೇ ಬಿಡುತ್ತೇನೆ, ಓದಿದವರು ಯಾರಾದರೂ ಬರೆಯಲಿ ಅಂದೆ. ಅವರು ಲೋಟ ಕೆಳಗಿಟ್ಟು, "ಓದಿದೋಳು ನಾನೇ ಅಲ್ವಾ? ಆ ಸಾಲು ಓದಿ ಪ್ರಿಂಟ್ ಕೊಟ್ಟಿದ್ದು ನಾನೇ" ಎಂದರು.

ಹೊರಗೆ ಹೇಗೆ ಬಂದಿರಿ ಅಂತ ಶ್ರೀಕಂಠ ಸಾರನ್ನು ಕೇಳಿದೆ. ಬಲಗೈಯಲ್ಲಿ ಸುತ್ತು ಬಿಚ್ಚಿಕೊಂಡರಂತೆ. ಲೈಫ್ ಜಾಕೆಟ್ಟು ಮೇಲಕ್ಕೆ ನೂಕುತ್ತದೆ, ಹಾಯಿ ಮುಖಕ್ಕೆ ಅಂಟಿಕೊಳ್ಳುತ್ತದೆ, ಯಾವ ಕಡೆಗೆ ಹೋಗುವುದು ತಿಳಿಯದು. ತಡವುತ್ತಿದ್ದಾಗ ಬೆರಳಿಗೆ ಉಬ್ಬಿದ ಹೊಲಿಗೆ ಸಿಕ್ಕಿತಂತೆ, ಅದನ್ನೇ ಹಿಡಿದು ಬಂದರಂತೆ. ನನ್ನ ಜೋಡಿ ಹೊಲಿಗೆ ಅಣ್ಣ! ಕೇಳಿದ ಕೂಡಲೇ ನೀವು ಒಂದು ದಿನ ಹಾಯಿ ಮಡಚುತ್ತಾ ಹೇಳಿದ ಮಾತು ನೆನಪಾಯಿತು. ಅಡಿಯಲ್ಲಿ ಸಿಕ್ಕಿಕೊಂಡವನು ಹೊಲಿಗೆ ಹಿಡಿದು ಹೋದರೆ ಅಂಚು ಸಿಕ್ಕೇ ಸಿಗುತ್ತದೆ ಅಂದಿದ್ದಿರಿ. ತಮಾಷೆ ಅಂದುಕೊಂಡೆ, ಬರೆದುಕೊಳ್ಳಲಿಲ್ಲ. ಇನ್ನೂ ಏನೋ ಹೇಳಿದ್ದಿರಿ, ಈ ಕಡೆಗೆ ಹೋಗಬೇಕು, ಆ ಕಡೆಗೆ ಬೇಡ ಅಂತ... ಅದು ಮಾತ್ರ ಎಷ್ಟು ತಲೆ ಕೆಡಿಸಿಕೊಂಡರೂ ಬರುತ್ತಿಲ್ಲ.

ನೀವು ಇಲ್ಲಿದ್ದಾಗ ವರ್ಷಗಟ್ಟಲೆ ನೀರಿಗೆ ಕರೆದಿರಿ, ನಾನು ಪಾದ ಕೂಡ ನೆನೆಸಲಿಲ್ಲ. ಈಗ ಕೇಳಿ. ಮೊನ್ನೆ ಬುಧವಾರ ನಾನು ನೀರಿಗೆ ಇಳಿದೆ. ಗೊತ್ತಿಲ್ಲದ್ದನ್ನು ಮತ್ತೆ ಹೇಗೆ ಬರೆಯಲಿ? ಸೊಂಟದವರೆಗಿನ ನೀರು, ಚೂಡಿದಾರದ ಮೇಲೆ ಲೈಫ್ ಜಾಕೆಟ್ಟು, ಪಕ್ಕದಲ್ಲಿ ನಳಿನಿ ಮೇಡಂ. ಒಂದು ದೋಣಿಯನ್ನು ಬೇಕಂತಲೇ ಮಗುಚಿ ಹಾಯಿಯ ಅಡಿಗೆ ಹೋದೆ. ಒಳಗೆ ಹಸಿರು ಕತ್ತಲೆ, ಪಾಚಿಯ ವಾಸನೆ. ನಾನೇ ಹೊಲಿದ ಬಟ್ಟೆ ನನ್ನ ಮೂಗು ಮುಚ್ಚಿತು. ಕಾಲಿನ ಕೆಳಗೆ ನೆಲ ಇದೆ ಅನ್ನುವುದೇ ಮರೆತುಹೋಯಿತು. ಎರಡೂ ಕೈಯಲ್ಲಿ ಹಾಯಿಯನ್ನು ಮೇಲಕ್ಕೆ ಎತ್ತಿ ಹಿಡಿದಾಗ ತಲೆಯ ಸುತ್ತ ಒಂದಿಷ್ಟು ಗಾಳಿ ಆಯಿತು, ಉಸಿರು ಬಂತು. ಹೊಲಿಗೆ ಸಿಕ್ಕಿತು. ಹಿಡಿದು ಹೋದರೆ ಹಾಯಿ ಕಟ್ಟುವ ಕಂಬ ಅಡ್ಡ ಬಂತು, ಅಲ್ಲಿ ಹಗ್ಗಗಳು ಬೆರಳಿಗೆ ಸುತ್ತಿಕೊಂಡವು. ತಿರುಗಿ ಅದೇ ಹೊಲಿಗೆಯಲ್ಲಿ ಇನ್ನೊಂದು ಕಡೆಗೆ ಬಂದೆ. ಅಂಚು ಎತ್ತಿದರೆ ಬೆಳಕು. ಹೊರಗೆ ಬಂದು ಅತ್ತೆ. ಮೇಡಂ ಬೆನ್ನು ಸವರಿದರು.

ಹೊಸ ಹಾಳೆ ಬರೆಯುತ್ತಿದ್ದೇನೆ, ಫೋಟೋ ಇಲ್ಲ. ಹಗ್ಗ ಬಿಡಿ, ದೋಣಿ ಬಿಡಬೇಡಿ, ಎರಡೂ ಹೆಸರು ಹೇಳಿಯೇ ಬರೆದಿದ್ದೇನೆ. ಹಗ್ಗ ಕೈಗೆ ಸುತ್ತಬೇಡಿ ಅಂತ ಬೇರೆ ಸಾಲು. ಅಡಿಯಲ್ಲಿ ಸಿಕ್ಕಿಕೊಂಡರೆ ಹಾಯಿ ಎತ್ತಿ ಉಸಿರು ತೆಗೆದುಕೊಳ್ಳಿ, ಹೊಲಿಗೆ ಹಿಡಿದು ಹೊರಗೆ ಬನ್ನಿ ಅಂತಲೂ ಬರೆದೆ. ಯಾವ ಕಡೆಗೆ ಅನ್ನುವ ಜಾಗ ಮಾತ್ರ ಖಾಲಿ ಇದೆ. ಕಂಬದ ಕಡೆ ಬೇಡ ಅನ್ನುತ್ತೇನೆ ನಾನು. ಶ್ರೀಕಂಠ ಸಾರ್ ತಾವು ಕಂಬದ ಪಕ್ಕದಲ್ಲೇ ಎದ್ದದ್ದು, ತಲೆಗೆ ತಾಗಿತು ಅನ್ನುತ್ತಾರೆ. ಶನಿವಾರ ಅವರೂ ನಾನೂ ಮತ್ತೆ ನೀರಿಗೆ ಇಳಿಯುತ್ತೇವೆ, ದೋಣಿಯನ್ನು ಎರಡೂ ಮಗ್ಗುಲಿಗೆ ಮಗುಚಿ ನೋಡುತ್ತೇವೆ. ಅದು ಖಚಿತವಾಗುವವರೆಗೆ ಹಾಳೆಯನ್ನು ಪ್ರಿಂಟಿಗೆ ಕೊಡುವುದಿಲ್ಲ, ನಿಮ್ಮಾಣೆ. ಅಷ್ಟರೊಳಗೆ ನೀವೂ ಆ ಒಂದು ಮಾತನ್ನು ನೆನಪಿಸಿಕೊಂಡು ಹೇಳಿಕಳಿಸಿ ಅಣ್ಣ. ಹೊಲಿಗೆ ಹಿಡಿದವರು ಕಂಬದ ಕಡೆಗೆ ಬರಬೇಕಾ, ಅಂಚಿನ ಕಡೆಗಾ?